ಉಳಿ ಹಿಡಿದವನ ಹೆಸರು: ಬ್ರೈಡ್‌ಕರ್ಕ್ ಚರ್ಚಿನ ದೀಕ್ಷಾಸ್ನಾನದ ತೊಟ್ಟಿ

ಕಲ್ಲಿನ ಮೇಲೆ ಒಬ್ಬ ಪುಟ್ಟ ಮನುಷ್ಯನಿದ್ದಾನೆ. ಒಂದು ಕೈಯಲ್ಲಿ ಕೊಡತಿ, ಇನ್ನೊಂದು ಕೈಯಲ್ಲಿ ಉಳಿ. ಎದುರಿಗಿರುವ ಬಳ್ಳಿಯ ಸುರುಳಿಯೊಂದನ್ನು ಅವನು ಕೆತ್ತುತ್ತಿದ್ದಾನೆ. ಅವನ ಮೇಲುಗಡೆ, ಕಲ್ಲಿನ ಅಗಲಕ್ಕೂ ಹಾದುಹೋಗುವ ಪಟ್ಟಿಯಲ್ಲಿ ಒಂದೇ ಒಂದು ಸಾಲಿನ ಬರಹವಿದೆ. ಬರಹ ಮತ್ತು ಮನುಷ್ಯ ಎರಡೂ ಒಂದೇ ಮುಖದಲ್ಲಿ, ಒಂದನ್ನು ನೋಡುವ ಕಣ್ಣಿಗೆ ಇನ್ನೊಂದು ತಾನಾಗಿ ಬೀಳುವಷ್ಟು ಹತ್ತಿರದಲ್ಲಿವೆ.

ಆ ಸಾಲು ಏನು ಹೇಳುತ್ತದೆ? ಇಂಗ್ಲೆಂಡಿನ ಒಬ್ಬ ದೊಡ್ಡ ವಿದ್ವಾಂಸ 1685ರಲ್ಲಿ ಇದಕ್ಕೆ ಉತ್ತರ ಕೊಟ್ಟ. ಉತ್ತರ ಗಂಭೀರವಾಗಿತ್ತು, ವಿವರವಾಗಿತ್ತು, ಆಕರ್ಷಕವಾಗಿತ್ತು, ಮತ್ತು ತಪ್ಪಾಗಿತ್ತು. ಆ ತಪ್ಪು ಒಂದು ಶತಮಾನಕ್ಕೂ ಹೆಚ್ಚು ಕಾಲ ಬಾಳಿತು. ಅಷ್ಟು ಕಾಲವೂ ಉಳಿ ಹಿಡಿದ ಮನುಷ್ಯ ಅದೇ ಕಲ್ಲಿನಲ್ಲಿ, ಅದೇ ಜಾಗದಲ್ಲಿ, ಸರಿಯಾದ ಉತ್ತರವನ್ನು ಕೈಯಲ್ಲಿ ಹಿಡಿದೇ ನಿಂತಿದ್ದ. ಒಂದು ಹಳ್ಳಿಯ ಚರ್ಚಿನ ದೀಕ್ಷಾಸ್ನಾನದ ತೊಟ್ಟಿಯ ಚರಿತ್ರೆಯನ್ನು ನಾನು ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಅವನಿಗಾಗಿ.

ಊರು, ಸಂತಳು, ಅರಸರು

ಬ್ರೈಡ್‌ಕರ್ಕ್ ಇಂಗ್ಲೆಂಡಿನ ವಾಯವ್ಯ ಮೂಲೆಯ ಕಂಬ್ರಿಯದಲ್ಲಿ, ಕಾಕರ್‌ಮತ್ ಪಟ್ಟಣಕ್ಕೆ ಉತ್ತರದಲ್ಲಿ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿರುವ ಸಣ್ಣ ಹಳ್ಳಿ. ಹೆಸರಿನಲ್ಲೇ ಚರ್ಚಿದೆ. ಬ್ರೈಡ್ ಎಂದರೆ ಐರ್ಲೆಂಡಿನ ಸಂತ ಬ್ರಿಜಿಡ್. ಕರ್ಕ್ ಎಂಬುದು ಸ್ಕ್ಯಾಂಡಿನೇವಿಯದ ಮಾತಿನಿಂದ ಬಂದು ಉತ್ತರ ಇಂಗ್ಲೆಂಡಿನಲ್ಲಿ ನೆಲೆಯೂರಿದ ಪದ, ಅರ್ಥ ಚರ್ಚ್. ಅದೇ ಸೀಮೆಯಲ್ಲಿ ಕರ್ಕ್‌ಬ್ರೈಡ್ ಎಂಬ ಇನ್ನೊಂದು ಊರೂ ಇದೆ. ಅವೇ ಎರಡು ಪದಗಳು ಅಲ್ಲಿ ಸೆಲ್ಟಿಕ್ ಭಾಷೆಗಳ ರೀತಿಯಲ್ಲಿ ಹಿಂದುಮುಂದಾಗಿ ಜೋಡಿಸಿಕೊಂಡಿವೆ. ಈ ನೆಲದ ಜನ ಎಷ್ಟು ಮಾತುಗಳ ನಡುವೆ ಬದುಕಿದರು ಎಂಬುದಕ್ಕೆ ಈ ಎರಡು ಊರುಗಳ ಹೆಸರೇ ಸಾಕು.

ಕೆತ್ತನೆಯ ಶೈಲಿಯನ್ನು ನೋಡಿ ತೊಟ್ಟಿಯನ್ನು 12ನೇ ಶತಮಾನಕ್ಕೆ, ಹೆಚ್ಚು ಕಡಿಮೆ ಅದರ ನಡುಭಾಗಕ್ಕೆ ಸೇರಿಸುತ್ತಾರೆ. ಆ ಕಾಲದಲ್ಲಿ ಈ ಸೀಮೆ ಯಾವ ದೇಶಕ್ಕೆ ಸೇರಿದ್ದು ಎಂಬುದೇ ಅಲುಗಾಡುತ್ತಿತ್ತು. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದರೂ ಕಾರ್ಲೈಲ್ ಅವರ ಕೈಗೆ ಬಂದದ್ದು 1092ರಲ್ಲಿ. ಕಾರ್ಲೈಲ್‌ಗೆ ಬಿಷಪ್ ಪೀಠ ಸಿಕ್ಕಿದ್ದು 1133ರಲ್ಲಿ. ಮೂರೇ ವರ್ಷದಲ್ಲಿ, 1136ರಲ್ಲಿ, ಸೀಮೆ ಸ್ಕಾಟ್ಲೆಂಡಿನ ಅರಸ ಮೊದಲನೇ ಡೇವಿಡ್‌ನ ವಶವಾಯಿತು. ಅವನು ಸತ್ತದ್ದೂ ಕಾರ್ಲೈಲ್‌ನಲ್ಲೇ, 1153ರಲ್ಲಿ. ಎರಡನೇ ಹೆನ್ರಿ ಅದನ್ನು ಮರಳಿ ಪಡೆದದ್ದು 1157ರಲ್ಲಿ. ಬ್ರೈಡ್‌ಕರ್ಕ್ ಚರ್ಚಾದರೋ ದೂರದ ಯಾರ್ಕ್‌ಶೈರ್‌ನ ಗಿಸ್‌ಬರೋ ಮಠಕ್ಕೆ ದತ್ತಿಯಾಗಿ ಸೇರಿತ್ತು. ಅರಸರು ಬದಲಾಗುತ್ತಿದ್ದ ಇಂಥ ದಿನಗಳಲ್ಲಿ ಒಂದು ಹಳ್ಳಿಯ ಚರ್ಚಿಗೆ ಇಷ್ಟು ಸೊಗಸಾದ ಕೆತ್ತನೆ ಮಾಡಿಸಿದವರು ಯಾರೆಂದು ತೊಟ್ಟಿ ಹೇಳುವುದಿಲ್ಲ. ಮಾಡಿದವನು ಯಾರೆಂದು ಮಾತ್ರ ಹೇಳುತ್ತದೆ.

ನಾಲ್ಕು ಮುಖಗಳ ಕಲ್ಲು

ತೊಟ್ಟಿ ಚೌಕಾಕಾರದ್ದು, ನಾಲ್ಕೂ ಮುಖಗಳಲ್ಲಿ ಕೆತ್ತನೆ. ಮಧ್ಯಯುಗದ ತೊಟ್ಟಿಗಳು ದೊಡ್ಡದಾಗಿರುವುದಕ್ಕೆ ಕಾರಣವಿದೆ. ಆಗ ಮಗುವಿನ ತಲೆಗೆ ಮೂರು ಹನಿ ನೀರು ಚಿಮುಕಿಸಿ ಮುಗಿಸುತ್ತಿರಲಿಲ್ಲ, ಮಗುವನ್ನು ನೀರಿನಲ್ಲಿ ಮುಳುಗಿಸಿ ಎತ್ತುತ್ತಿದ್ದರು. ಕಲ್ಲು ನೀರು ಹೀರದಿರಲೆಂದು ಒಳಗೆ ಸೀಸದ ತಗಡು ಹೊದಿಸುವುದು ವಾಡಿಕೆ. ಹರಸಿದ ನೀರು ತೊಟ್ಟಿಯಲ್ಲೇ ನಿಲ್ಲುತ್ತಿದ್ದುದರಿಂದ ಅದನ್ನು ಮಾಟಮಂತ್ರಕ್ಕೆ ಕದ್ದೊಯ್ಯುತ್ತಾರೆಂಬ ಭಯವೂ ಇತ್ತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್ 1236ರಲ್ಲಿ ತೊಟ್ಟಿಗಳಿಗೆ ಮುಚ್ಚಳ ಹಾಕಿ ಬೀಗ ಜಡಿಯಬೇಕೆಂದು ಆಜ್ಞೆ ಮಾಡಿದ. ಅಂದಿನ ಕಬ್ಬಿಣದ ಕೊಂಡಿಗಳ ಗುರುತು ಇಂಗ್ಲೆಂಡಿನ ಎಷ್ಟೋ ತೊಟ್ಟಿಗಳ ಅಂಚಿನಲ್ಲಿ ಇಂದಿಗೂ ಉಳಿದಿದೆ.

ಬ್ರೈಡ್‌ಕರ್ಕ್ ತೊಟ್ಟಿಯ ಒಂದು ಮುಖದಲ್ಲಿ ಕ್ರಿಸ್ತನ ದೀಕ್ಷಾಸ್ನಾನವಿದೆ: ಕ್ರಿಸ್ತ ನೀರಿನಲ್ಲಿ ನಿಂತಿದ್ದಾನೆ, ಯೋಹಾನ ಅವನಿಗೆ ಸ್ನಾನ ಮಾಡಿಸುತ್ತಿದ್ದಾನೆ, ಮೇಲೆ ಪಾರಿವಾಳ. ಇನ್ನೊಂದು ಮುಖದಲ್ಲಿ ಆದಾಮ ಮತ್ತು ಹವ್ವರನ್ನು ಏದೆನ್ ತೋಟದಿಂದ ಹೊರಗಟ್ಟುವ ದೃಶ್ಯ. ಹವ್ವ ಮಂಡಿಯೂರಿ ಮರವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾಳೆ. ಹೊರಡಲು ಒಲ್ಲದ ಆ ಹಿಡಿತವನ್ನು ಕೆತ್ತಿದವನು ಪಾಠ ಒಪ್ಪಿಸುವವನಲ್ಲ. ಕಥೆಯನ್ನು ಒಳಗಿನಿಂದ ಕಂಡವನು. ಉಳಿದ ಕಡೆ ಬಳ್ಳಿ, ಹಣ್ಣು, ರೆಕ್ಕೆಯ ಮೃಗಗಳು, ಒಂದರೊಳಗೊಂದು ಹೊಸೆದುಕೊಂಡ ಘಟಸರ್ಪದಂಥ ಪ್ರಾಣಿಗಳು.

ಏದೆನ್‌ನಿಂದ ಹೊರಬಿದ್ದ ಮನುಷ್ಯಕುಲ ಒಂದು ಮುಖದಲ್ಲಿ, ಅದನ್ನು ಮರಳಿ ಒಳಗೆ ಕರೆಯುವ ನೀರು ಇನ್ನೊಂದು ಮುಖದಲ್ಲಿ. ಓದುಬರಹ ತಿಳಿಯದ ಹಳ್ಳಿಗನೂ ತನ್ನ ಮಗುವನ್ನು ಎತ್ತಿಕೊಂಡು ತೊಟ್ಟಿಯ ಸುತ್ತ ಒಂದು ಸುತ್ತು ಬಂದರೆ ತಾನು ಏನು ಮಾಡಲು ಬಂದಿದ್ದೇನೆಂದು ತಿಳಿಯುತ್ತಿತ್ತು. ಈ ಮಾತು ಮುಂದೆ ಮುಖ್ಯವಾಗುತ್ತದೆ, ಏಕೆಂದರೆ ಈ ಕಲ್ಲು ನಿಜಕ್ಕೂ ದೀಕ್ಷಾಸ್ನಾನಕ್ಕೆಂದೇ ಮಾಡಿದ್ದೇ ಎಂಬ ಸಂಶಯ ಒಂದು ಕಾಲದಲ್ಲಿ ಇತ್ತು.

ಓದಲಾರೆ ಎಂದ ಕ್ಯಾಮ್ಡನ್

ಸಂಶಯ ಎತ್ತಿದವನು ವಿಲಿಯಂ ಕ್ಯಾಮ್ಡನ್. ಬ್ರಿಟನ್ನಿನ ಸೀಮೆ ಸೀಮೆಯ ಪ್ರಾಚೀನ ವಸ್ತುಗಳನ್ನು ವಿವರಿಸುವ ಅವನ ಲ್ಯಾಟಿನ್ ಗ್ರಂಥ ‘ಬ್ರಿಟಾನಿಯ’ ಮೊದಲು ಅಚ್ಚಾದದ್ದು 1586ರಲ್ಲಿ. ಉತ್ತರದ ಸೀಮೆಗಳನ್ನು ಕಣ್ಣಾರೆ ನೋಡಲು ಅವನು 1599ರಲ್ಲಿ ರಾಬರ್ಟ್ ಕಾಟನ್ ಜೊತೆ ಪ್ರವಾಸ ಹೋದ. ಮುಂದೆ 1607ರ ಆವೃತ್ತಿಯಲ್ಲಿ ಬ್ರೈಡ್‌ಕರ್ಕ್ ತೊಟ್ಟಿಯ ಪ್ರಸ್ತಾಪವಿದೆ, ಬರಹದ ಅಕ್ಷರಗಳ ಚಿತ್ರವೂ ಇದೆ.

ಹತ್ತಿರದ ಪ್ಯಾಪ್‌ಕಾಸಲ್‌ನಲ್ಲಿ ಡರ್ವೆಂಟಿಯೊ ಎಂಬ ರೋಮನ್ ಕೋಟೆಯ ಅವಶೇಷಗಳಿವೆ. ಹಸಿರು ಛಾಯೆಯ ಕಲ್ಲಿನ ಈ ಪಾತ್ರೆ ಅಲ್ಲಿ ಸಿಕ್ಕಿದ್ದೆಂದು ಕ್ಯಾಮ್ಡನ್ ಬರೆದ. ಹಾಗಿದ್ದರೆ ಇದು ಕೈಕಾಲು ತೊಳೆಯುವ ಪಾತ್ರೆಯಾಗಿತ್ತೋ, ಈಗ ಬಳಕೆಯಾಗುತ್ತಿರುವಂತೆ ಮೊದಲಿನಿಂದಲೂ ದೀಕ್ಷಾಸ್ನಾನದ ತೊಟ್ಟಿಯೋ ಎಂಬ ಪ್ರಶ್ನೆ ಏಳುತ್ತದೆ. ಅವನು ಅದನ್ನು ತೆರೆದೇ ಇಟ್ಟ. ಬರಹದ ವಿಷಯದಲ್ಲಿ ಇನ್ನೂ ನೇರವಾಗಿದ್ದ: ಇದು ಯಾವ ದೇಶದ ಅಕ್ಷರವೆಂದು ತನಗೆ ತಿಳಿಯದು, ಬಲ್ಲವರು ತೀರ್ಮಾನಿಸಲಿ ಎಂದ. ಅಕ್ಷರಗಳನ್ನು ಮಾತ್ರ ಕಂಡಂತೆ ಅಚ್ಚು ಮಾಡಿಸಿದ.

ಕ್ಯಾಮ್ಡನ್ನನ ಈ ನಡೆಯ ಬಗ್ಗೆ ನನಗೆ ತುಂಬ ಗೌರವವಿದೆ. ಅವನ ಕಾಲದ ಓದುಗರಿಗೆ ಕಥೆ ಬೇಕಿತ್ತು. ಹತ್ತಿರದಲ್ಲೇ ರೋಮನ್ ಕೋಟೆ ಇದ್ದಾಗ ಒಂದು ರೋಮನ್ ಕಥೆ ಕಟ್ಟುವುದು ಅವನಂಥ ಪಂಡಿತನಿಗೆ ಕಷ್ಟವಾಗುತ್ತಿರಲಿಲ್ಲ. ಕಟ್ಟಲಿಲ್ಲ.

ನಡುವೆ ಒಂದು ಅಪಾಯದ ಕಾಲ ಬಂತು. ಅಂತರ್ಯುದ್ಧದ ದಿನಗಳಲ್ಲಿ ಪಾರ್ಲಿಮೆಂಟ್ 1644ರಲ್ಲಿ ಚರ್ಚುಗಳಿಂದ ವಿಗ್ರಹಾರಾಧನೆಯ ಗುರುತುಗಳನ್ನು ತೆಗೆಯಲು ಸುಗ್ರೀವಾಜ್ಞೆ ಹೊರಡಿಸಿತು. ಮರುವರ್ಷದ ಆರಾಧನಾ ಕ್ರಮ ಹಳೆಯ ತೊಟ್ಟಿಗಳಿದ್ದ ಜಾಗದಲ್ಲಿ ದೀಕ್ಷಾಸ್ನಾನ ಕೊಡುವುದನ್ನೇ ತಿರಸ್ಕರಿಸಿತು. ಇಂಗ್ಲೆಂಡಿನ ಎಷ್ಟೋ ತೊಟ್ಟಿಗಳು ಹೊರಬಿದ್ದು ದನಗಳ ನೀರಿನ ಬಾನಿಗಳಾದವು, ತೋಟದ ಹೂಕುಂಡಗಳಾದವು. ಗ್ಲೌಸ್ಟರ್‌ಶೈರ್‌ನ ಡೀರ್‌ಹರ್ಸ್ಟ್ ಚರ್ಚಿನ ಆಂಗ್ಲೊಸ್ಯಾಕ್ಸನ್ ತೊಟ್ಟಿ 19ನೇ ಶತಮಾನದಲ್ಲಿ ಸಿಕ್ಕಿದ್ದು ಒಂದು ರೈತಮನೆಯಲ್ಲಿ, ಬಟ್ಟೆ ಒಗೆಯುವ ತೊಟ್ಟಿಯಾಗಿ. ಬ್ರೈಡ್‌ಕರ್ಕ್ ತೊಟ್ಟಿ ಮಾತ್ರ ಮೃಗಗಳು, ಪಾರಿವಾಳ, ಹವ್ವ ಎಲ್ಲರೊಡನೆ ಉಳಿದುಕೊಂಡಿತು.

ಸಭಾಪಾಲಕರ ಮಗ ಮತ್ತು ಅವನು ಓದಿಸಿದ ಹುಡುಗ

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವ ಎಳೆ ಇದು.

ಬ್ರೈಡ್‌ಕರ್ಕ್‌ನ ಸಭಾಪಾಲಕರಿಗೆ 1633ರಲ್ಲಿ ಒಬ್ಬ ಮಗ ಹುಟ್ಟಿದ. ಹೆಸರು ಜೋಸೆಫ್ ವಿಲಿಯಂಸನ್. ತಂದೆಯೇ ಚರ್ಚಿನ ಸಭಾಪಾಲಕರಾದ ಮೇಲೆ, 1607ರಲ್ಲಿ ಕ್ಯಾಮ್ಡನ್ ಹೇಳುವಂತೆ ತೊಟ್ಟಿ ಬಳಕೆಯಲ್ಲಿದ್ದ ಮೇಲೆ, ಮಗುವಿಗೆ ದೀಕ್ಷಾಸ್ನಾನವಾದದ್ದು ಇದೇ ಕಲ್ಲಿನ ನೀರಿನಲ್ಲಿ ಎಂದು ಊಹಿಸಲು ಅಡ್ಡಿಯಿಲ್ಲ. ಅವನು ಆಕ್ಸ್‌ಫರ್ಡಿನ ಕ್ವೀನ್ಸ್ ಕಾಲೇಜಿನಲ್ಲಿ ಓದಿ, ಎರಡನೇ ಚಾರ್ಲ್ಸ್‌ನ ಸರಕಾರದಲ್ಲಿ ಮಂತ್ರಿಯಾಗಿ, 1677ರಿಂದ 1680ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷನಾದ.

ವಿಲಿಯಂಸನ್ ತನ್ನ ಸೀಮೆಯ ಒಬ್ಬ ಚುರುಕು ಹುಡುಗನನ್ನು 1678ರಲ್ಲಿ ಖರ್ಚು ಕೊಟ್ಟು ಜರ್ಮನಿಯ ಲೈಪ್‌ಜಿಗ್‌ಗೆ ಕಳುಹಿಸಿದ. ಜರ್ಮನ್ ಮತ್ತು ಉತ್ತರ ಯುರೋಪಿನ ಭಾಷೆಗಳನ್ನು ಕಲಿಯಲಿ ಎಂಬುದು ಉದ್ದೇಶ. ಆ ಹುಡುಗನೂ ಕಂಬರ್‌ಲೆಂಡಿನವನೇ (ಕಂಬ್ರಿಯದ ಈ ಭಾಗಕ್ಕೆ ಆಗಿದ್ದ ಹೆಸರು), ಪಾದ್ರಿಯ ಮಗನೇ, ಕ್ವೀನ್ಸ್ ಕಾಲೇಜಿನವನೇ: ವಿಲಿಯಂ ನಿಕಲ್ಸನ್, 1655ರಲ್ಲಿ ಹುಟ್ಟಿದವನು. ಅವನು 1682ರಲ್ಲಿ ಕಾರ್ಲೈಲ್‌ನ ಆರ್ಚ್‌ಡೀಕನ್ ಆದ, 1702ರಲ್ಲಿ ಅಲ್ಲಿಯ ಬಿಷಪ್ ಆದ.

ಉತ್ತರ ಯುರೋಪಿನ ಹಳೆಯ ಲಿಪಿಯಾದ ರೂನ್ ಅನ್ನು ಬಲ್ಲ, ಡೇನಿಷ್ ಪಂಡಿತರ ಗ್ರಂಥಗಳನ್ನು ಓದಿದ ಮನುಷ್ಯ ಹೀಗೆ ತನ್ನ ಸೀಮೆಗೆ ಮರಳಿದ. ಬ್ಯೂಕಾಸಲ್ ಎಂಬಲ್ಲಿಯ ಕಲ್ಲುಕಂಬದ ರೂನ್ ಬರಹದ ಬಗ್ಗೆ ಮತ್ತು ಬ್ರೈಡ್‌ಕರ್ಕ್ ತೊಟ್ಟಿಯ ಬಗ್ಗೆ ಅವನು 1685ರ ನವೆಂಬರಿನಲ್ಲಿ ಎರಡು ಪತ್ರ ಬರೆದ. ತೊಟ್ಟಿಯ ಪತ್ರ ಬರೆದದ್ದು ಸರ್ ವಿಲಿಯಂ ಡಗ್‌ಡೇಲ್‌ಗೆ, ಇಂಗ್ಲೆಂಡಿನ ಪ್ರಾಚೀನ ವಸ್ತುಗಳ ಹಿರಿಯ ವಿದ್ವಾಂಸನಿಗೆ. ಡಗ್‌ಡೇಲ್‌ಗೆ ಆಗ ಎಂಬತ್ತು ವರ್ಷ, ಕೆಲವೇ ತಿಂಗಳಲ್ಲಿ ತೀರಿಕೊಂಡ. ಪತ್ರಗಳು ರಾಯಲ್ ಸೊಸೈಟಿಯ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯಲ್ಲಿ ಅಚ್ಚಾದವು. ತೊಟ್ಟಿಯ ಊರಿನ ಮಗ ಓದಿಸಿದವನು ತೊಟ್ಟಿಯ ಮೇಲಿನ ಬರಹ ಓದಲು ಹೊರಟ. ಅದು ಅಚ್ಚಾದದ್ದು ಅದೇ ಮಗ ಒಂದು ಕಾಲಕ್ಕೆ ಅಧ್ಯಕ್ಷನಾಗಿದ್ದ ಸಂಸ್ಥೆಯ ಪತ್ರಿಕೆಯಲ್ಲಿ.

ತಪ್ಪು ಹೇಗಾಯಿತು

ನಿಕಲ್ಸನ್ ಮೊದಲು ಒಂದು ವಿಷಯವನ್ನು ಸರಿಯಾಗಿ ಹೇಳಿದ. ಕೆತ್ತನೆಗಳನ್ನು ನೋಡಿದರೆ ಇದು ಕ್ರೈಸ್ತ ವಸ್ತುವೇ, ಈಗ ಯಾವ ಕೆಲಸಕ್ಕೆ ಬಳಸುತ್ತಿದ್ದಾರೋ ಅದೇ ಕೆಲಸಕ್ಕಾಗಿಯೇ ಮಾಡಿದ್ದು ಎಂದ. ಕ್ಯಾಮ್ಡನ್ ಎತ್ತಿದ್ದ ಕೈಕಾಲು ತೊಳೆಯುವ ಪಾತ್ರೆಯ ಸಂಶಯ ಅಲ್ಲಿಗೆ ತೀರಿತು. ಬರಹ ರೂನ್ ಲಿಪಿಯದು ಎಂದೂ ಗುರುತಿಸಿದ. ಅದೂ ಸರಿ.

ಮುಂದೆ ಅವನು ಸಾಲನ್ನು ಓದಿದ್ದು ಹೀಗೆ: “ಏರ್ ಎಕಾರ್ಡ್ ಹಾನ್ ಮೆನ್ ಎಗ್ರೋಕ್ಟನ್, ಆಂಡ್ ಟು ಡಿಸ್ ಮೆನ್ ರೆಡ್ ವೆರ್ ಟಾನೆರ್ ಮೆನ್ ಬ್ರೋಗ್ಟನ್.” ಅವನು ಕೊಟ್ಟ ಅರ್ಥ: ಇಲ್ಲಿ ಎಕಾರ್ಡ್ ಮತಾಂತರ ಹೊಂದಿದ, ಈ ಮನುಷ್ಯನ ಮಾದರಿಯನ್ನು ಕಂಡು ಡೇನರೂ (ಡೆನ್ಮಾರ್ಕಿನ ಜನರೂ) ಬಂದರು.

ಇಂದು ಒಪ್ಪಿರುವ ಓದು ಇದು: “ರಿಕಾರ್ಥ್ ಹೆ ಮೆ ಇವ್ರೋಕ್ತೆ, ಆಂಡ್ ತೊ ಥಿಸ್ ಮೆರ್ಥ್ … ಮೆ ಬ್ರೋಕ್ತೆ.” ರಿಚರ್ಡ್, ಅವನು ನನ್ನನ್ನು ಕಂಡರಿಸಿದ, ಈ ಸೊಬಗಿಗೆ ನನ್ನನ್ನು ತಂದ.

ಎರಡನ್ನೂ ಒಂದರ ಕೆಳಗೊಂದು ಇಟ್ಟು ನಿಧಾನವಾಗಿ ನೋಡಬೇಕು. ‘ರಿಕಾರ್ಥ್’ ಎಂಬ ಹೆಸರು ಮೊದಲಕ್ಷರದ ಬಳಿಯೇ ಸೀಳಿ ‘ಏರ್ ಎಕಾರ್ಡ್’ ಆಯಿತು. ಹೆಸರಿನ ಮೊದಲ ತುಂಡು ‘ಇಲ್ಲಿ’ ಎಂಬ ಪದವಾಯಿತು, ಉಳಿದದ್ದು ಎಕಾರ್ಡ್ ಎಂಬ ಹೊಸ ಮನುಷ್ಯನಾಯಿತು. ‘ಹೆ’ ಎಂಬ ಸರ್ವನಾಮಕ್ಕೆ ಒಂದು ನಕಾರ ಸೇರಿ ‘ಹಾನ್’, ‘ಮೆ’ಗೆ ನಕಾರ ಸೇರಿ ‘ಮೆನ್’. ‘ನನ್ನನ್ನು’ ಎಂದು ತೊಟ್ಟಿಯೇ ಹೇಳುತ್ತಿದ್ದ ಮಾತು ಅಲ್ಲಿಗೆ ಅಳಿಸಿಹೋಯಿತು. ‘ಮಾಡಿದ’ ಎಂಬ ಕ್ರಿಯಾಪದದ ಕೊನೆಗೂ ನಕಾರ ಅಂಟಿ ಅದು ‘ಮತಾಂತರ’ವಾಯಿತು. ‘ಮೆರ್ಥ್’ ಎರಡು ಹೋಳಾಗಿ ‘ಮೆನ್ ರೆಡ್’ ಆಯಿತು. ಅಕ್ಷರಗಳು ಅಸ್ಪಷ್ಟವಾಗಿದ್ದ ನಡುವಿನ ತಾಣದಿಂದ ಎದ್ದು ಬಂದವರು ಡೇನರು.

ಕನ್ನಡದ ಶಾಸನಗಳನ್ನು ಓದಲು ಪ್ರಯತ್ನಿಸಿದವರಿಗೆ ಈ ಕಷ್ಟ ಹೊಸದಲ್ಲ. ಪದಗಳ ನಡುವೆ ತೆರಪಿಲ್ಲದೆ ಸಾಗುವ ಬರಹದಲ್ಲಿ ಒಂದು ಪದವನ್ನು ತಪ್ಪಾದ ಜಾಗದಲ್ಲಿ ಬಿಡಿಸಿದರೆ ಮುಂದಿನ ಪದವೂ ತಪ್ಪುತ್ತದೆ, ಅದನ್ನು ಸರಿಪಡಿಸಲು ಅಕ್ಷರ ಸೇರಿಸಬೇಕಾಗುತ್ತದೆ, ಸೇರಿಸಿದ ಅಕ್ಷರ ಹೊಸ ವ್ಯಾಕರಣವನ್ನು ಬೇಡುತ್ತದೆ. ಅಕ್ಷರ ಸೇರಿಸುತ್ತ ಹೋಗಬೇಕಾದ ಓದನ್ನು ಸಂಶಯಿಸಬೇಕು. ನಿಕಲ್ಸನ್ ಸೇರಿಸಿದ ನಕಾರಗಳನ್ನು ಎಣಿಸಿದರೇ ಅನುಮಾನ ಬರುತ್ತದೆ.

ಆದರೆ ಅವನ ಮುಖ್ಯ ತೊಡಕು ಅಕ್ಷರಗಳಲ್ಲಿರಲಿಲ್ಲ. ರೂನ್ ಎಂದರೆ ಡೇನರದು ಎಂಬ ನಂಬಿಕೆಯೊಂದಿಗೆ ಅವನು ಕಲ್ಲಿನ ಮುಂದೆ ನಿಂತ. ಡೇನರ ಅಕ್ಷರವಾದ ಮೇಲೆ ಡೇನರ ಸುದ್ದಿಯೇ ಇರಬೇಕು. ದೀಕ್ಷಾಸ್ನಾನದ ತೊಟ್ಟಿಯಾದ ಮೇಲೆ ಮತಾಂತರದ ಸುದ್ದಿಯೇ ಇರಬೇಕು. ಎರಡನ್ನೂ ಕೂಡಿಸಿದರೆ ಎಕಾರ್ಡ್ ಹುಟ್ಟಿದ. ಚರಿತ್ರೆಯೆಂದರೆ ಮುಖಂಡರದು, ಸೈನ್ಯಗಳದು, ಮತಾಂತರಗಳದು ಎಂದು ನಂಬಿದವನಿಗೆ ಒಬ್ಬ ಕಲ್ಲುಕುಟಿಗ ತನ್ನ ಹೆಸರು ಬರೆದುಕೊಂಡಿರಬಹುದು ಎಂಬುದು ಹೊಳೆಯಲಿಲ್ಲ. ಕಾಲದ ಲೆಕ್ಕವೂ ಅವನ ಕಡೆ ಇರಲಿಲ್ಲ. ಸ್ಕ್ಯಾಂಡಿನೇವಿಯದ ಜನ ಕಂಬ್ರಿಯದಲ್ಲಿ ನೆಲೆಸಿದ್ದು 10ನೇ ಶತಮಾನದಲ್ಲಿ. ತೊಟ್ಟಿಯ ಕೆತ್ತನೆಯಾದರೋ ಅದಕ್ಕಿಂತ ಸುಮಾರು ಇನ್ನೂರು ವರ್ಷ ಈಚಿನ ನಾರ್ಮನ್ ಶೈಲಿಯದು.

ಅವನನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಹಳೆಯ ಇಂಗ್ಲಿಷಿನ ನಿಘಂಟೊಂದು 1659ರಲ್ಲಿ ಬಂದಿತ್ತು, ಆದರೆ ಜಾರ್ಜ್ ಹಿಕ್ಸ್‌ನ ವ್ಯಾಕರಣ ಅಚ್ಚಾದದ್ದು 1689ರಲ್ಲಿ, ಈ ಪತ್ರದ ನಾಲ್ಕು ವರ್ಷದ ಮೇಲೆ. ಹಳೆಯ ಇಂಗ್ಲಿಷ್ ಸವೆದು ನಡುಗಾಲದ ಇಂಗ್ಲಿಷ್ ಆಗುತ್ತಿದ್ದ 12ನೇ ಶತಮಾನದ ಭಾಷೆಯ ಚಿತ್ರ ಆಗ ಯಾರ ಬಳಿಯೂ ಸ್ಪಷ್ಟವಾಗಿರಲಿಲ್ಲ. ಅವನು ಕುದುರೆಯ ಮೇಲೆ ಹಳ್ಳಿ ಸುತ್ತಿ, ಕತ್ತಲ ಚರ್ಚುಗಳಲ್ಲಿ ಕಲ್ಲಿಗೆ ಕಣ್ಣು ಹಚ್ಚಿ ಅಕ್ಷರ ನಕಲು ಮಾಡಿದವರ ಪೀಳಿಗೆಯವನು. ಅವನು ಪತ್ರ ಬರೆಯದಿದ್ದರೆ ಮುಂದಿನವರಿಗೆ ತಿದ್ದಲು ಏನೂ ಇರುತ್ತಿರಲಿಲ್ಲ.

ತಪ್ಪು ಹರಡಿದ ದಾರಿಯೂ ಗಮನಿಸತಕ್ಕದ್ದು. ಎಡ್ಮಂಡ್ ಗಿಬ್ಸನ್ 1695ರಲ್ಲಿ ‘ಬ್ರಿಟಾನಿಯ’ವನ್ನು ಇಂಗ್ಲಿಷಿನಲ್ಲಿ ಹೊಸದಾಗಿ ಹೊರತಂದಾಗ ಉತ್ತರ ಸೀಮೆಗಳ ಬಗ್ಗೆ ಅವನಿಗೆ ನೆರವಾದವನು ನಿಕಲ್ಸನ್ನೇ. ಕ್ಯಾಮ್ಡನ್ ‘ತಿಳಿಯದು’ ಎಂದು ಖಾಲಿ ಬಿಟ್ಟಿದ್ದ ಗ್ರಂಥದಲ್ಲೇ ಈಗ ಎಕಾರ್ಡ್ ಬಂದು ಕುಳಿತ. ಬಿಷಪ್‌ನ ಹೆಸರು, ರಾಯಲ್ ಸೊಸೈಟಿಯ ಅಚ್ಚು, ‘ಬ್ರಿಟಾನಿಯ’ದ ಮನ್ನಣೆ ಮೂರೂ ಒಂದಾದ ಮೇಲೆ ಹಳ್ಳಿಯ ಚರ್ಚಿಗೆ ಹೋಗಿ ಕಲ್ಲನ್ನು ಮತ್ತೆ ನೋಡುವ ಅಗತ್ಯ ಹೆಚ್ಚಿನವರಿಗೆ ಕಾಣಲಿಲ್ಲ.

ಮತ್ತೆ ಕಲ್ಲಿನ ಕಡೆಗೆ

ಕಲ್ಲಿನ ಕಡೆಗೆ ಮರಳಿದವನು ಹೆನ್ರಿ ಹೊವಾರ್ಡ್, ಕಂಬರ್‌ಲೆಂಡಿನ ಕಾರ್ಬಿ ಕೋಟೆಯ ಒಡೆಯ. ಬ್ರೈಡ್‌ಕರ್ಕ್ ತೊಟ್ಟಿ ಮತ್ತು ಬ್ಯೂಕಾಸಲ್ ಕಂಬಗಳನ್ನು ಕುರಿತ ಅವನ ಟಿಪ್ಪಣಿ 1801ರಲ್ಲಿ ಲಂಡನ್ನಿನ ಪ್ರಾಚೀನ ವಸ್ತು ಸಂಶೋಧಕರ ಸಂಘದ ಮುಂದೆ ಬಂತು. ಬರಹವನ್ನು ಮತ್ತೊಮ್ಮೆ ಎಚ್ಚರದಿಂದ ನಕಲಿಸುವ ಕೆಲಸ ಅಲ್ಲಿಂದ ಶುರುವಾಯಿತು. ಮುಂದಿನ ದಶಕಗಳಲ್ಲಿ ನಕಾರಗಳು ಉದುರಿದವು, ಸೀಳಿಹೋಗಿದ್ದ ಹೆಸರು ಕೂಡಿಕೊಂಡಿತು, ಎಕಾರ್ಡ್ ಕರಗಿ ರಿಚರ್ಡ್ ಉಳಿದ. ಹಳೆಯ ಇಂಗ್ಲಿಷನ್ನು ವ್ಯಾಕರಣ ಹಿಡಿದು ಓದುವವರ ತಲೆಮಾರು ಬಂದಿತ್ತು.

ಸರಿಯಾದ ಓದು ಸಿಕ್ಕಿದ ಮೇಲೆ ಆ ಪುಟ್ಟ ಸಾಲಿನಲ್ಲಿ ಎಷ್ಟೆಲ್ಲ ಇದೆ ನೋಡಿ. ‘ಇವ್ರೋಕ್ತೆ’, ‘ಬ್ರೋಕ್ತೆ’: ಪ್ರಾಸ. ಕೆತ್ತಿದವನು ಹಾಡಿಕೊಳ್ಳಲು ಬರುವ ದ್ವಿಪದಿಯೊಂದನ್ನು ಬರೆದಿದ್ದಾನೆ. ‘ರಿಕಾರ್ಥ್ ಹೆ’, ರಿಚರ್ಡ್ ಅವನು, ಎಂದು ಹೆಸರಿನ ಹಿಂದೆಯೇ ಸರ್ವನಾಮ ಬರುತ್ತದೆ. ನಾವು ಮಾತಿನಲ್ಲಿ ಒಬ್ಬನ ಮೇಲೆ ಒತ್ತು ಕೊಡಬೇಕಾದಾಗ ಮಾಡುವುದೂ ಹೀಗೆಯೇ. ‘ಇವ್ರೋಕ್ತೆ’ಯ ಮೊದಲಿನ ‘ಇ’ ಹಳೆಯ ಇಂಗ್ಲಿಷಿನ ಪೂರ್ವಪ್ರತ್ಯಯವೊಂದು ಸವೆದು ಉಳಿದದ್ದು. ಆ ಒಂದು ಸ್ವರವೇ ಭಾಷೆ ಯಾವ ಹಂತದಲ್ಲಿತ್ತೆಂದು ಹೇಳುತ್ತದೆ.

ಮಾತನಾಡುತ್ತಿರುವುದು ತೊಟ್ಟಿ. ವಸ್ತುವೇ ‘ನಾನು’ ಎಂದು ಹೇಳುವ ಪದ್ಧತಿ ಇಂಗ್ಲೆಂಡಿನಲ್ಲಿ ಹಳೆಯದು. ಸಾಮರ್ಸೆಟ್‌ನಲ್ಲಿ 1693ರಲ್ಲಿ ಸಿಕ್ಕಿದ, ಆಲ್ಫ್ರೆಡ್ ಅರಸನದೆಂದು ನಂಬುವ ಚಿನ್ನದ ಒಡವೆಯ ಮೇಲೆ ‘ಆಲ್ಫ್ರೆಡ್ ನನ್ನನ್ನು ಮಾಡಿಸಿದ’ ಎಂದಿದೆ. ಎರಡರ ನಡುವಿನ ಅಂತರ ಒಂದು ಪ್ರತ್ಯಯದ್ದು. ಅಲ್ಲಿ ಮಾಡಿಸಿದವನ ಹೆಸರು, ಇಲ್ಲಿ ಮಾಡಿದವನ ಹೆಸರು. ಬ್ರೈಡ್‌ಕರ್ಕ್ ಸಾಲಿನಲ್ಲಿ ದೊರೆಯಿಲ್ಲ, ಮಠವಿಲ್ಲ, ಪಾದ್ರಿಯಿಲ್ಲ, ಸಂತಳೂ ಇಲ್ಲ. ಇದೇ ಶತಮಾನದಲ್ಲಿ ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ವಿಗ್ರಹಗಳ ಕೆಳಗೆ ಹೆಸರು ಬರೆದರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಲುಪುವ ಮಾತೇ ಇರಲಿಲ್ಲ. ಕಲ್ಲಿನ ಮುಂದೆ ಕೂತು ತಿಂಗಳುಗಟ್ಟಲೆ ದುಡಿದವನಿಗೆ ಏಳುವ ಆಸೆ ಮಾತ್ರ ಒಂದೇ ಎಂದು ಕಾಣುತ್ತದೆ. ‘ರೂವಾರಿ’ ಎಂಬ ಹಳಗನ್ನಡದ ಚೆಂದದ ಪದವನ್ನು ರಿಚರ್ಡ್‌ಗೆ ಕೊಡಲು ನನಗೆ ಸಂಕೋಚವಿಲ್ಲ.

ಲಿಪಿಯ ವಿಷಯದಲ್ಲಿ ನಿಕಲ್ಸನ್ ಅರ್ಧ ಸರಿ. ಅಕ್ಷರಗಳಲ್ಲಿ ಹೆಚ್ಚಿನವು ಸ್ಕ್ಯಾಂಡಿನೇವಿಯದ ರೂನ್‌ಗಳೇ. ಆದರೆ ಕೆಲವು ಆ ಕಾಲದ ಇಂಗ್ಲಿಷ್ ಹಸ್ತಪ್ರತಿಗಳಿಂದ ಎತ್ತಿಕೊಂಡವು. ‘ಮತ್ತು’ ಎಂಬುದಕ್ಕೆ ಲಿಪಿಕಾರರು ಬಳಸುತ್ತಿದ್ದ ಸಂಕ್ಷಿಪ್ತ ಚಿಹ್ನೆಯೂ ಅಲ್ಲಿದೆ. ಅಂದರೆ ರಿಚರ್ಡ್‌ಗೋ ಅವನಿಗೆ ಸಾಲು ಬರೆದುಕೊಟ್ಟವರಿಗೋ ಪುಸ್ತಕದ ಬರಹದ ಪರಿಚಯವಿತ್ತು. ಹೀಗೆ ಒಂದು ಕಲ್ಲಿನಲ್ಲಿ ಹೆಸರು ನಾರ್ಮನ್ನರ ಜೊತೆ ಬಂದದ್ದು, ಮಾತು ಇಂಗ್ಲಿಷ್, ಅಕ್ಷರ ಸ್ಕ್ಯಾಂಡಿನೇವಿಯದ ಜನರದು, ಚರ್ಚಿನ ಸಂತಳು ಐರ್ಲೆಂಡಿನವಳು. ಗಡಿನಾಡಿನ ಬದುಕು ಇದಕ್ಕಿಂತ ಸಾಂದ್ರವಾಗಿ ಬೇರೆಲ್ಲಿ ಸಿಕ್ಕೀತು?

ಆ ಸೀಮೆಯಲ್ಲಿ ಇದು ಒಂಟಿ ಉದಾಹರಣೆಯಲ್ಲ. ಕಾರ್ಲೈಲ್ ಕತೀಡ್ರಲಿನ ಗೋಡೆಯಲ್ಲಿ 1855ರಲ್ಲಿ ಗೀಚುಬರಹವೊಂದು ಸಿಕ್ಕಿತು: ಡಾಲ್ಫಿನ್ ಎಂಬವನು ಈ ಕಲ್ಲಿನ ಮೇಲೆ ಈ ರೂನ್‌ಗಳನ್ನು ಬರೆದ ಎಂಬುದೇ ಅದರ ಒಕ್ಕಣೆ. ಅದೂ 12ನೇ ಶತಮಾನದ್ದು. ದಕ್ಷಿಣಕ್ಕೆ, ಫರ್ನೆಸ್ ಸೀಮೆಯ ಪೆನ್ನಿಂಗ್‌ಟನ್ ಚರ್ಚಿನ ಬಾಗಿಲ ಮೇಲಿನ ಕಮಾನುಗಲ್ಲಿನ ರೂನ್ ಬರಹ ಗಾಮೆಲ್ ಚರ್ಚ್ ಕಟ್ಟಿಸಿದನೆಂದೂ ಹ್ಯೂಬರ್ಟ್ ಎಂಬ ಕಲ್ಲುಕುಟಿಗ ಕೆತ್ತಿದನೆಂದೂ ಹೇಳುತ್ತದೆ. ಅಲ್ಲಿ 12ನೇ ಶತಮಾನದಲ್ಲೂ ರೂನ್ ಎಂದರೆ ಸೈನ್ಯಗಳ ದಂಡಯಾತ್ರೆಯ ಗುರುತಾಗಿರಲಿಲ್ಲ, ಕೆಲಸಗಾರರ ಕೈಬರಹವಾಗಿತ್ತು. ನಿಕಲ್ಸನ್ನನ ಕಾಲಕ್ಕೆ ಈ ಜೊತೆಗಾರರು ಬೆಳಕಿಗೆ ಬಂದಿದ್ದರೆ ಅವನು ಎಕಾರ್ಡ್‌ನ ಹಿಂದೆ ಹೋಗುತ್ತಿರಲಿಲ್ಲವೇನೋ.

ಈಗ ಉಳಿ ಹಿಡಿದ ಮನುಷ್ಯನ ಬಳಿಗೆ ಮರಳೋಣ. ಎಕಾರ್ಡ್‌ನ ಕಥೆಯಲ್ಲಿ ಅವನಿಗೆ ಜಾಗವೇ ಇರಲಿಲ್ಲ. ಡೇನರ ಮುಖಂಡನ ಮತಾಂತರದ ಸಾಲಿನ ಕೆಳಗೆ ಒಬ್ಬ ಕೆಲಸಗಾರ ಕೊಡತಿ ಎತ್ತಿಕೊಂಡು ಏನು ಮಾಡುತ್ತಿದ್ದಾನೆ? ‘ರಿಕಾರ್ಥ್ ನನ್ನನ್ನು ಕಂಡರಿಸಿದ’ ಎಂದು ಓದಿದ ಕೂಡಲೇ ಬರಹ ಮತ್ತು ಚಿತ್ರ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅವನು ರಿಚರ್ಡ್ ಎಂದೇ ಇಂದು ಎಲ್ಲರೂ ನೋಡುತ್ತಾರೆ. ಹಾಗಾದರೆ ಇದು ಇಂಗ್ಲೆಂಡಿನ ಮಧ್ಯಯುಗದ ಶಿಲ್ಪಿಯೊಬ್ಬ ತನ್ನ ಹೆಸರು, ತನ್ನ ಆಕೃತಿ, ತನ್ನ ಸಲಕರಣೆ ಮೂರನ್ನೂ ಒಟ್ಟಿಗೆ ಬಿಟ್ಟುಹೋದ ಅಪರೂಪದ ಕಲ್ಲು. ಓದು ಬಾರದ ಹಳ್ಳಿಗರಿಗೆ ಈ ಚಿತ್ರ ಮೊದಲಿನಿಂದಲೂ ಅರ್ಥವಾಗುತ್ತಿತ್ತು ಎಂದು ನಾನು ನಂಬುತ್ತೇನೆ. ಅಕ್ಷರ ಬಲ್ಲವರು ಅಕ್ಷರಕ್ಕೇ ಕಣ್ಣು ಕೊಟ್ಟರು.

ಹಳೆಯ ಚರ್ಚ್, ಹೊಸ ಚರ್ಚ್

ತೊಟ್ಟಿ ನಿಂತಿದ್ದ ಮಧ್ಯಯುಗದ ಚರ್ಚನ್ನು ಬಿಟ್ಟು 1868ರಿಂದ 1870ರ ನಡುವೆ ಹೊಸ ಚರ್ಚ್ ಕಟ್ಟಿದರು. ಕಾರ್ಲೈಲ್‌ನ ಕೋರಿ ಮತ್ತು ಫರ್ಗ್ಯುಸನ್ ಅದರ ವಾಸ್ತುಶಿಲ್ಪಿಗಳು. ನಾರ್ಮನ್ ಶೈಲಿಯನ್ನೇ ಅನುಸರಿಸಿ ಕಟ್ಟಿದರು, ಹಳೆಯ ಚರ್ಚಿನ ಎರಡು ನಾರ್ಮನ್ ಬಾಗಿಲುವಾಡಗಳನ್ನು ತಂದು ಹೊಸ ಗೋಡೆಗಳಲ್ಲಿ ಕೂರಿಸಿದರು. ತೊಟ್ಟಿಯೂ ಒಳಗೆ ಬಂತು. ಹಳೆಯ ಚರ್ಚಿನ ಪೂಜಾಭಾಗದ ಗೋಡೆಗಳು ಸಮಾಧಿಗಳ ನಡುವೆ ಸೂರಿಲ್ಲದೆ ಇನ್ನೂ ನಿಂತಿವೆ. ಹೊಸ ಕಟ್ಟಡ ಕಟ್ಟುವ ಉಮೇದಿನಲ್ಲಿ ಹಳೆಯ ಸಾಮಾನು ಕಳೆದುಹೋದ ಚರ್ಚುಗಳು ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಕಡಿಮೆಯಿಲ್ಲ. ಇಲ್ಲಿ ಕಟ್ಟಿದವರಿಗೆ ತಮ್ಮ ಕೈಯಲ್ಲಿರುವುದು ಏನೆಂದು ಗೊತ್ತಿತ್ತು. ಅಷ್ಟು ಹೊತ್ತಿಗೆ ಸಾಲಿನ ಸರಿಯಾದ ಓದು ನೆಲೆಗೊಂಡಿತ್ತು.

ಪೂರ್ತಿ ನೆಲೆಗೊಂಡಿತ್ತು ಎನ್ನಲಾಗದು. ‘ಮೆರ್ಥ್’ ಎಂಬುದಕ್ಕೆ ಸೊಬಗು ಎನ್ನಬೇಕೇ ಹಿರಿಮೆ ಎನ್ನಬೇಕೇ ಎಂಬ ಚರ್ಚೆ ಮುಗಿದಿಲ್ಲ. ಅದರ ಮುಂದಿನ ಕೆಲವು ಅಕ್ಷರಗಳು, ನಿಕಲ್ಸನ್ ಡೇನರನ್ನು ಕಂಡ ಅದೇ ತಾಣ, ಇನ್ನೂ ಬಿಡಿಸಿಕೊಂಡಿಲ್ಲ. ಅದನ್ನು ‘ಆಸ್ಥೆಯಿಂದ’ ಎಂದು ಓದಿ, ರಿಚರ್ಡ್ ಆಸ್ಥೆಯಿಂದ ನನ್ನನ್ನು ಈ ಸೊಬಗಿಗೆ ತಂದ ಎಂದು 19ನೇ ಶತಮಾನದಲ್ಲಿ ಕೆಲವರು ಅರ್ಥ ಮಾಡಿದರು. ಹವ್ವಳ ಕೈಗಳನ್ನು ನೋಡಿದವರಿಗೆ ಆ ಅರ್ಥ ಬಹಳ ಹಿಡಿಸುತ್ತದೆ, ನನಗೂ ಹಿಡಿಸುತ್ತದೆ. ಇಂದಿನ ಸಂಪಾದಕರು ಮಾತ್ರ ಅದನ್ನು ಒಪ್ಪದೆ, ಆ ಅಕ್ಷರಗಳ ಜಾಗದಲ್ಲಿ ಚಿಹ್ನೆಗಳನ್ನಿಟ್ಟು, ಕ್ಯಾಮ್ಡನ್ 1607ರಲ್ಲಿ ಬಿಟ್ಟಂತೆ ಖಾಲಿ ಬಿಡುತ್ತಾರೆ.